ಹಾಳೆ ಹಳೆಯದು, ಬರಹ ಹೊಸದು

"ಸಾವಿರ ವರ್ಷ ಹಳೆಯ ಹಸ್ತಪ್ರತಿ ಸಿಕ್ಕಿದೆ, ಲ್ಯಾಬ್‌ನಲ್ಲಿ ಪರೀಕ್ಷೆಯೂ ಆಗಿದೆ" ಎಂದು ಯಾರಾದರೂ ಹೇಳಿದರೆ ನಾವು ಬೇಗ ನಂಬುತ್ತೇವೆ. ವಿಜ್ಞಾನ ವಿಭಾಗದ ವಿದ್ಯಾರ್ಥಿನಿಯಾದ ನನಗೂ ಲ್ಯಾಬ್ ವರದಿಯೆಂದರೆ ಗೌರವ. ಆದರೆ ಆ ವರದಿ ಯಾವ ಪ್ರಶ್ನೆಗೆ ಉತ್ತರ ಕೊಡುತ್ತದೆ, ಯಾವುದಕ್ಕೆ ಕೊಡುವುದಿಲ್ಲ ಎಂಬುದೂ ನಮಗೆ ಗೊತ್ತಿರಬೇಕು. ಅದನ್ನು ಚೆನ್ನಾಗಿ ತಿಳಿಸಿಕೊಡುವ ಒಂದು ಪ್ರಕರಣ ಇಲ್ಲಿದೆ.

2012ರ ಸೆಪ್ಟೆಂಬರ್‌ನಲ್ಲಿ ರೋಮ್ ನಗರದ ಸಮ್ಮೇಳನವೊಂದರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕಿ ಕರೆನ್ ಕಿಂಗ್ ಒಂದು ಪಪೈರಸ್ ಚೂರಿನ ವಿಷಯ ಪ್ರಕಟಿಸಿದರು. ಅದರ ಗಾತ್ರ ಹೆಚ್ಚುಕಡಿಮೆ ವಿಸಿಟಿಂಗ್ ಕಾರ್ಡಿನಷ್ಟು. ಭಾಷೆ ಕಾಪ್ಟಿಕ್, ಅಂದರೆ ಪ್ರಾಚೀನ ಈಜಿಪ್ಟಿನ ಭಾಷೆಯ ಕೊನೆಯ ರೂಪ. ಅದರಲ್ಲಿ ಯೇಸು, ಅಂದರೆ ನಾವು ಪ್ರವಾದಿ ಈಸಾ (ಅ) ಎಂದು ಗೌರವಿಸುವವರು, "ನನ್ನ ಹೆಂಡತಿ" ಎಂದು ಹೇಳಿದಂತೆ ಬರೆದಿತ್ತು. ಅವರಿಗೆ ಮದುವೆಯಾಗಿತ್ತು ಎಂಬುದಕ್ಕೆ ಇದು ಪುರಾವೆಯಲ್ಲ, ಹಿಂದಿನ ಕೆಲವು ಕ್ರೈಸ್ತರು ಹಾಗೆ ನಂಬಿದ್ದಿರಬಹುದು ಅಷ್ಟೇ ಎಂದು ಕಿಂಗ್ ಎಚ್ಚರಿಸಿದ್ದರು. ಆದರೂ ಸುದ್ದಿ ಜಗತ್ತನ್ನೆಲ್ಲ ಸುತ್ತಿತು.

2014ರಲ್ಲಿ ಪರೀಕ್ಷೆಯ ಫಲಿತಾಂಶಗಳು ಬಂದವು. ಇಂಗಾಲ-14 ವಿಧಾನದ ಪ್ರಕಾರ ಪಪೈರಸ್ ಸುಮಾರು 7-8ನೇ ಶತಮಾನದ್ದು. ಮಸಿಯೂ ಹಳೆಯ ಕಾಲದಂತೆ ಕಾಡಿಗೆಯಿಂದ ಮಾಡಿದ್ದು. ಅಲ್ಲಿಗೆ ಚರ್ಚೆ ಮುಗಿಯಬೇಕಿತ್ತು, ಅಲ್ಲವೇ? ಮುಗಿಯಲಿಲ್ಲ. ಇಂಗಾಲ-14 ಹೇಳುವುದು ಆ ಗಿಡವನ್ನು ಯಾವಾಗ ಕಡಿದರು ಎಂಬುದನ್ನು. ಅದರ ಮೇಲೆ ಯಾವಾಗ ಬರೆದರು ಎಂಬುದನ್ನಲ್ಲ. ಹಳೆಯ ಖಾಲಿ ಪಪೈರಸ್ ಸಂಪಾದಿಸಬಹುದು, ಕಾಡಿಗೆ ಮಸಿಯನ್ನು ಇವತ್ತೂ ಮಾಡಬಹುದು.

ಗುಟ್ಟು ರಟ್ಟಾಗಿದ್ದು ಬರಹದಿಂದಲೇ. ಚೂರಿನ ಹೆಚ್ಚಿನ ಪದಗಳು 1945ರಲ್ಲಿ ಈಜಿಪ್ಟಿನ ನಾಗ್ ಹಮ್ಮಾದಿಯಲ್ಲಿ ದೊರೆತ ಥಾಮಸನ ಸುವಾರ್ತೆಯಿಂದ ಅಲ್ಲಿಷ್ಟು ಇಲ್ಲಿಷ್ಟು ಕತ್ತರಿಸಿ ಜೋಡಿಸಿದಂತಿವೆ ಎಂದು ಡರ್ಹಮ್ ವಿಶ್ವವಿದ್ಯಾಲಯದ ಫ್ರಾನ್ಸಿಸ್ ವಾಟ್ಸನ್ ಮೊದಲೇ ತೋರಿಸಿದ್ದರು. ಆ ಸುವಾರ್ತೆಯ ಒಂದು ಪ್ರತಿ ಇಂಟರ್ನೆಟ್‌ನಲ್ಲಿ ಇತ್ತು. ಅದರ ಒಂದು ಸಾಲಿನಲ್ಲಿ ಟೈಪ್ ಮಾಡುವಾಗ ಒಂದು ಅಕ್ಷರ ಬಿಟ್ಟುಹೋಗಿತ್ತು. ಪಪೈರಸ್ ಚೂರಿನಲ್ಲೂ ಅದೇ ಅಕ್ಷರ ಇರಲಿಲ್ಲ! ಇಬ್ಬರ ಉತ್ತರಪತ್ರಿಕೆಯಲ್ಲಿ ಒಂದೇ ತಪ್ಪು ಕಂಡರೆ ಮೇಷ್ಟ್ರು ಏನು ತಿಳಿಯುತ್ತಾರೋ, ವಿದ್ವಾಂಸರೂ ಅದನ್ನೇ ತಿಳಿದರು.

ಅದೇ ಮಾಲೀಕನ ಬಳಿ ಯೋಹಾನನ ಸುವಾರ್ತೆಯ ಇನ್ನೊಂದು ಚೂರಿತ್ತು. ಕೈಬರಹ ಒಂದೇ ಬಗೆಯದು. 1924ರಲ್ಲಿ ಅಚ್ಚಾದ ಪುಸ್ತಕವೊಂದರಲ್ಲಿ ಸಾಲುಗಳು ಎಲ್ಲೆಲ್ಲಿ ಮುರಿಯುತ್ತವೆಯೋ ಇದರಲ್ಲೂ ಅಲ್ಲಲ್ಲೇ ಮುರಿದಿದ್ದವು ಎಂದು ಕ್ರಿಶ್ಚಿಯನ್ ಆಸ್ಕೆಲಂಡ್ ಎಂಬ ಸಂಶೋಧಕ ತೋರಿಸಿದರು. ಅದರಲ್ಲಿದ್ದ ಕಾಪ್ಟಿಕ್ ಉಪಭಾಷೆಯಂತೂ 7ನೇ ಶತಮಾನಕ್ಕೆ ಮೊದಲೇ ಬಳಕೆ ತಪ್ಪಿತ್ತು.

ಇಲ್ಲಿ ನನಗೆ ನೆನಪಾಗುವುದು ನಮ್ಮ ಹದೀಸ್ ವಿದ್ವಾಂಸರು. ಅವರು ಮತ್‌ನ್, ಅಂದರೆ ಹೇಳಿಕೆಯ ಪಾಠವನ್ನಷ್ಟೇ ನೋಡುವುದಿಲ್ಲ. ಸನದ್, ಅಂದರೆ ಅದು ಯಾರಿಂದ ಯಾರಿಗೆ ದಾಟಿ ಬಂತು ಎಂಬ ಸರಪಳಿಯನ್ನೂ ನೋಡುತ್ತಾರೆ. ಈ ಚೂರಿನ ಸನದ್ ಏನಾಗಿತ್ತು? ಮಾಲೀಕ ಕೊಟ್ಟಿದ್ದು ಹಳೆಯ ಪತ್ರಗಳ ಪ್ರತಿಗಳನ್ನು ಮಾತ್ರ. ಅವುಗಳಲ್ಲಿ ಹೆಸರಿದ್ದವರು ಆಗಲೇ ತೀರಿಕೊಂಡಿದ್ದರು. 2016ರಲ್ಲಿ ಪತ್ರಕರ್ತ ಏರಿಯಲ್ ಸಬಾರ್ ಹುಡುಕುತ್ತಾ ಹೋದಾಗ ಅಮೆರಿಕದ ಫ್ಲೋರಿಡಾದಲ್ಲಿ ಆ ಮಾಲೀಕ ಪತ್ತೆಯಾದ. ಅವನು ಜರ್ಮನಿಯಲ್ಲಿ ಪ್ರಾಚೀನ ಈಜಿಪ್ಟಿನ ಅಧ್ಯಯನ ಮಾಡಿದ್ದವನು. ತಾನು ನಕಲಿ ಮಾಡಿಲ್ಲ ಎಂದೇ ಅವನು ಹೇಳಿದ. ಆದರೆ ಸಬಾರ್ ಅವರ ಲೇಖನದ ನಂತರ ಕಿಂಗ್ ಅವರೇ, ಇದು ನಕಲಿ ಎನ್ನುವ ಕಡೆಗೇ ಸಾಕ್ಷ್ಯ ವಾಲುತ್ತಿದೆ ಎಂದು ಒಪ್ಪಿಕೊಂಡರು.

ಈ ಕಥೆ ಓದಿ "ನೋಡಿ, ಅವರ ಹಸ್ತಪ್ರತಿಗಳೆಲ್ಲ ಹೀಗೇ" ಎನ್ನುವುದು ಅನ್ಯಾಯ. ಮೋಸವನ್ನು ಹಿಡಿದವರಲ್ಲಿ ಬೈಬಲ್ ಅಧ್ಯಯನ ಮಾಡುವವರೇ ಮುಂದಿದ್ದರು. 4ನೇ ಶತಮಾನದ ಸಿನೈ ಹಸ್ತಪ್ರತಿಯಲ್ಲಿ ಮಾರ್ಕನ ಸುವಾರ್ತೆಯ ಕೊನೆಯ 12 ವಚನಗಳಿಲ್ಲ. ಇಂದಿನ ಅನೇಕ ಬೈಬಲ್ ಮುದ್ರಣಗಳು ಇಂಥ ವ್ಯತ್ಯಾಸವನ್ನು ಮುಚ್ಚಿಡದೆ ಅಡಿಟಿಪ್ಪಣಿಯಲ್ಲಿ ತಿಳಿಸುತ್ತವೆ.

ಅಳತೆಗೋಲು ನಮಗೂ ಒಂದೇ ಇರಬೇಕು. ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿರುವ ಕುರ್‌ಆನಿನ ಎರಡು ಹಾಳೆಗಳ ಚರ್ಮ 568ರಿಂದ 645ರ ನಡುವಿನದು ಎಂಬ ಸುದ್ದಿ 2015ರಲ್ಲಿ ಬಂದಾಗ ಮುಸ್ಲಿಮರೆಲ್ಲ ಸಂತೋಷಪಟ್ಟರು. ಅಲ್ಲಿಯೂ ಅಳೆದದ್ದು ಚರ್ಮದ ವಯಸ್ಸನ್ನೇ. ಬರಹದ ಕಾಲ ತಿಳಿಯಲು ವಿದ್ವಾಂಸರು ಹಿಜಾಝಿ ಲಿಪಿಯ ಶೈಲಿಯನ್ನೂ ಪ್ಯಾರಿಸ್‌ನಲ್ಲಿರುವ ಅದೇ ಪ್ರತಿಯ ಇತರ ಹಾಳೆಗಳನ್ನೂ ನೋಡಬೇಕಾಗುತ್ತದೆ. ಸುದ್ದಿ ನಮಗೆ ಇಷ್ಟವಾದದ್ದು ಎಂದ ಮಾತ್ರಕ್ಕೆ ಪ್ರಶ್ನೆಗಳು ಕಡಿಮೆಯಾಗುವುದಿಲ್ಲ.

ಸುದ್ದಿ ಬಂದಾಗ ಪರಿಶೀಲಿಸಿ ಎಂದು ಸೂರಃ ಅಲ್-ಹುಜುರಾತ್ ನಮಗೆ ಕಲಿಸುತ್ತದೆ. ಆದ್ದರಿಂದ ಗೆಳತಿಯರೇ, ಗೆಳೆಯರೇ, ಯಾರದೇ ಧರ್ಮಗ್ರಂಥದ ಬಗ್ಗೆ ಇಂಥ ಸುದ್ದಿ ನಿಮ್ಮ ಮೊಬೈಲಿಗೆ ಬಂದರೆ ಫಾರ್ವರ್ಡ್ ಮಾಡುವ ಮೊದಲು ಮೂರು ಪ್ರಶ್ನೆ ಕೇಳಿ: ಪರೀಕ್ಷೆ ಮಾಡಿದ್ದು ಹಾಳೆಯನ್ನೋ, ಬರಹವನ್ನೋ? ಅದು ಯಾರ ಕೈಯಿಂದ ಬಂತು? ಇದೇ ಸುದ್ದಿ ನಮ್ಮ ಗ್ರಂಥದ ಬಗ್ಗೆ ಬಂದಿದ್ದರೆ ನಾನು ಇಷ್ಟು ಬೇಗ ನಂಬುತ್ತಿದ್ದೆನೇ?