ಗಣಕಯಂತ್ರದ ಶೈತ್ಯಜಲವೂ ಅದರ ಸ್ವಯಂಪೂರಣವೂ

ಗಣಕಯಂತ್ರವು ವ್ಯಯಮಾಡುವ ವಿದ್ಯುಚ್ಛಕ್ತಿಯು ಪ್ರಾಯಶಃ ಸಮಗ್ರವಾಗಿ ಉಷ್ಣವಾಗಿಯೇ ಪರಿಣಮಿಸುವುದೆಂಬುದು ಸುವಿದಿತವಷ್ಟೆ. ಈ ಉಷ್ಣವನ್ನು ಫ್ಯಾನಿನ ಗಾಳಿಯಿಂದ ಕಳೆಯುವುದು ವಾಡಿಕೆ. ನೀರಿನಿಂದ ಕಳೆಯುವ ಸಾಧನವನ್ನು ಮನೆಯಲ್ಲಿ ಸ್ವಹಸ್ತದಿಂದ ಕಟ್ಟಿಕೊಳ್ಳುವವರೂ ಉಂಟು. ಅಂತಹ ಸಾಧನದಲ್ಲಿ ಕುಗ್ಗಿದ ನೀರು ತಾನಾಗಿ ತುಂಬಿಕೊಳ್ಳುವ ಬಗೆಗಳಾವುವು, ಅವುಗಳಲ್ಲಿ ಕೊಡಗಿನ ಮನೆಗಳಿಗೆ ಯೋಗ್ಯವಾದುದಾವುದು ಎಂಬುದನ್ನು ಇಲ್ಲಿ ವಿಚಾರಿಸುವೆವು.

ಜಲಶೈತ್ಯಸಾಧನಗಳು ಸಂವೃತ, ವಿವೃತ ಎಂದು ದ್ವಿವಿಧವಾಗಿರುವುವು. ಸಂವೃತದಲ್ಲಿ ನೀರು ಮುಚ್ಚಿದ ನಳಿಗೆಗಳಲ್ಲಿಯೇ ಸುತ್ತುವುದು. ನಳಿಗೆಯ ಭಿತ್ತಿಯ ಮೂಲಕ ಅತ್ಯಲ್ಪವಾಗಿ ನಷ್ಟವಾಗುವುದನ್ನು ಕೆಲವು ತಿಂಗಳಿಗೊಮ್ಮೆ ಕೈಯಿಂದ ತುಂಬಿದರೆ ಸಾಕು. ವಿವೃತದಲ್ಲಿಯಾದರೋ ಬಿಸಿನೀರು ಗಾಳಿಗೆ ಇದಿರಾಗಿ ಹನಿಹನಿಯಾಗಿ ಬಿದ್ದು, ಒಂದಂಶವು ಆವಿಯಾಗಿ, ಉಳಿದುದು ತಂಪಾಗುವುದು. 100 ವಾಟ್ ಉಷ್ಣವನ್ನು ಆವಿಯಿಂದಲೇ ಕಳೆಯಬೇಕಾದರೆ ಘಂಟೆಗೆ ಸುಮಾರು 150 ಮಿಲಿಲೀಟರು ನೀರು ವ್ಯಯವಾಗುವುದು. ಮಾಘ ಫಾಲ್ಗುಣಗಳ ಒಣಹವೆಯಲ್ಲಿ ಖರ್ಚು ಈ ಲೆಕ್ಕಕ್ಕೆ ಸಮೀಪವಾಗಿರುವುದು. ಮಡಿಕೇರಿಯ ಆಷಾಢದಲ್ಲಿ ತಣ್ಣನೆಯ ಗಾಳಿಯೇ ಉಷ್ಣದ ಒಂದು ಪಾಲನ್ನು ನೇರವಾಗಿ ಹೀರುವುದರಿಂದ ಖರ್ಚು ತುಸು ಕಡಮೆ. ಆದರೆ ಆವಿಯು ಕೋಣೆಯಲ್ಲಿಯೇ ತಂಗಿದರೆ ಪುಸ್ತಕಗಳಿಗೆ ಬೂಷ್ಟು ತಪ್ಪದು. ಆದುದರಿಂದ ತುಂತುರಿನ ಭಾಗವನ್ನು ಜಗಲಿಯಲ್ಲಿಡತಕ್ಕುದು.

ಪೂರಣಕ್ಕೆ ಎರಡು ಮಾರ್ಗಗಳು ಪ್ರಸಿದ್ಧವಾಗಿವೆ. ಮೊದಲನೆಯದು ಮನೆಯ ಮೇಲಣ ತೊಟ್ಟಿಗಳಲ್ಲಿರುವ, ಬಾಲ್‌ಕಾಕ್ ಎಂದು ಜನರು ಕರೆಯುವ ತೇಲುಚೆಂಡಿನ ನಲ್ಲಿ. ಎರಡನೆಯದು ಕೋಳಿಮರಿಗಳಿಗೆ ನೀರಿಡುವ ಬೋರಲುಪಾತ್ರೆ. ಗಾಳಿಯಾಡದಂತಹ ಶೀಸೆಯಲ್ಲಿ ನೀರು ತುಂಬಿ, ಅದರ ಬಾಯಿ ತಟ್ಟೆಯ ನೀರಿನ ಮೇಲ್ಮೈಗಿಂತ ತುಸುವೇ ಕೆಳಗಿರುವಂತೆ ಬೋರಲಿಡಬೇಕು. ಮಟ್ಟವು ಇಳಿದೊಡನೆ ಬಾಯಿ ತೆರೆದು ಗಾಳಿಯು ಒಳನುಗ್ಗುವುದು, ಅಷ್ಟೇ ನೀರು ಹೊರಬೀಳುವುದು. ಮಟ್ಟವೇರಿ ಬಾಯಿ ಮುಚ್ಚಲು ಸುರಿಯುವುದು ನಿಲ್ಲುವುದು. ಶೀಸೆಯ ನೀರನ್ನು ಎತ್ತಿಹಿಡಿದಿರುವುದು ಹೊರಗಣ ವಾಯುಭಾರ. ಮಡಿಕೇರಿಯ ಎತ್ತರದಲ್ಲಿಯೂ ಅದು ಸುಮಾರು 9 ಮೀಟರು ನೀರನ್ನು ಹೊರಬಲ್ಲುದಾದುದರಿಂದ ಗೇಣುದ್ದದ ಶೀಸೆಯ ವಿಷಯದಲ್ಲಿ ಸಂದೇಹವಿಲ್ಲ. ತಟ್ಟೆಗೂ ಯಂತ್ರದ ಜಲಪಾತ್ರೆಗೂ ಬುಡದಲ್ಲಿ ನಳಿಗೆಯಿಂದ ಸಂಬಂಧ ಕಲ್ಪಿಸಿದರೆ, ಗಿಂಡಿಯ ಹೊಟ್ಟೆಯಲ್ಲಿಯೂ ಕೊಂಬಿನಲ್ಲಿಯೂ ನೀರು ಸಮನಾಗಿ ನಿಲ್ಲುವಂತೆ ಎರಡರ ಮಟ್ಟವೂ ಒಂದೇ ಆಗುವುದು.

ಭಾಸ್ಕರಾಚಾರ್ಯನು 1150ರಲ್ಲಿ ರಚಿಸಿದ ಸಿದ್ಧಾಂತಶಿರೋಮಣಿಯ ಯಂತ್ರಾಧ್ಯಾಯದಲ್ಲಿ ಕುಕ್ಕುಟನಾಡಿಯೆಂಬ ಬಾಗಿದ ತಾಮ್ರನಳಿಗೆಯನ್ನು ವರ್ಣಿಸಿರುವನು. ಕೋಳಿಯ ಹೆಸರನ್ನು ಕಂಡು ಅದೇ ಇದೆಂದು ಭ್ರಮಿಸಲಾಗದು. ಅದು ಇಂದಿನವರು ಸೈಫನ್ ಎನ್ನುವ ಸಾಧನ. ಪಾತ್ರೆಯನ್ನು ಬರಿದುಮಾಡುವುದೇ ಅದರ ಧರ್ಮ, ಮಟ್ಟವನ್ನರಿತು ನಿಲ್ಲುವುದಲ್ಲ. ಪ್ರಾಚೀನರ ಗೌರವಕ್ಕೆ ಇಂತಹ ಆರೋಪದ ಅವಶ್ಯಕತೆಯಿಲ್ಲ.

ಇಲ್ಲಿ ಶಂಕೆ: ತೇಲುಚೆಂಡಿನ ನಲ್ಲಿಯನ್ನು ಮನೆಯ ತೊಟ್ಟಿಗೇ ಜೋಡಿಸಿದರೆ ನೀರು ಎಂದಿಗೂ ಮುಗಿಯದಿರುವಾಗ, ಅಲ್ಪಜಲದ ಶೀಸೆಯೇಕೆ? ಸಮಾಧಾನ: ಮುಗಿಯದಿರುವುದೇ ಅದರ ದೋಷ. ನಳಿಗೆಯೊಂದು ಬಿರಿದು ನೀರು ಸೋರಿದರೆ, ಅದು ಆವಿಯಾದುದೋ ಸೋರಿದುದೋ ಎಂಬ ವಿವೇಕ ಚೆಂಡಿಗಿಲ್ಲ. ತೊಟ್ಟಿಯ 1000 ಲೀಟರೂ ನೆಲಕ್ಕೂ ವಿದ್ಯುತ್ತಂತಿಗಳಿಗೂ ಹರಿಯುವವರೆಗೆ ಅದು ಕೊಡುತ್ತಲೇ ಇರುವುದು. ಮನೆಯವರು ತೋಟದಲ್ಲಿರುವ ಹಗಲಿನಲ್ಲಿ ಇದರ ಪರಿಣಾಮವನ್ನು ವಾಚಕರೇ ಊಹಿಸಬಹುದು. 2 ಲೀಟರಿನ ಶೀಸೆಯಾದರೆ ಹೊಸದಾಗಿ ಬರುವ ನೀರಿಗೆ 2 ಲೀಟರೇ ಮೇರೆ. ಮೇಲಿನ ಲೆಕ್ಕದಂತೆ ಅದು 13 ಘಂಟೆಗಳಿಗೆ ಸಾಲುವುದು. ಅದು ಬರಿದಾದಾಗ ಯಂತ್ರವು ನಿಲ್ಲುವಂತೆ ಜಲಪಾತ್ರೆಯಲ್ಲಿ ಮಟ್ಟವನ್ನರಿಯುವ ಸ್ವಿಚ್ಚೊಂದನ್ನು ಇಡಲೇಬೇಕು.

ಶೀಸೆಗೂ ದೋಷಗಳಿಲ್ಲವೆಂದಲ್ಲ. ಬಿಸಿಲಿಗೋ ಯಂತ್ರದ ಬಿಸಿಗಾಳಿಗೋ ಅದನ್ನಿಟ್ಟರೆ ಒಳಗಣ ಗಾಳಿ ಹಿಗ್ಗಿ ನೀರನ್ನು ವೃಥಾ ಹೊರದೂಡುವುದು. ಮತ್ತೊಂದು, ಮಳೆಗಾಲದಲ್ಲಿ ಕರೆಂಟು ಹೋಗಿ ಪಂಪು ನಿಂತಾಗ ಮೇಲಿನ ನಳಿಗೆಗಳಲ್ಲಿದ್ದ ನೀರೆಲ್ಲ ಜಲಪಾತ್ರೆಗೆ ಮರಳುವುದು. ಅಷ್ಟು ನೀರಿಗೆ ಎಡೆಯನ್ನುಳಿಸದೆ ಮಟ್ಟವನ್ನು ಗೊತ್ತುಮಾಡಿದರೆ ಪಾತ್ರೆಯು ಉಕ್ಕುವುದು. ಆದುದರಿಂದ ಪಂಪು ನಡೆಯುತ್ತಿರುವಾಗಿನ ಮಟ್ಟಕ್ಕೆ ಶೀಸೆಯ ಬಾಯನ್ನು ಹೊಂದಿಸಿ, ಬಳಿಕ ಪಂಪನ್ನು ನಿಲ್ಲಿಸಿ ಪರೀಕ್ಷಿಸತಕ್ಕುದು.

ಇನ್ನು ನೀರಿನ ಗುಣ. ಆವಿಯಾಗಿ ಹೋಗುವುದು ನೀರು ಮಾತ್ರ, ಲವಣವಲ್ಲ. ಪಾತ್ರೆ ಹಿಡಿಯುವಷ್ಟು ಕೊಳವೆಬಾವಿಯ ನೀರನ್ನು ಹತ್ತು ಸಲ ಪೂರಣಮಾಡಿದರೆ ಲವಣವು ಮೊದಲಿನ ಹನ್ನೊಂದರಷ್ಟಾಗಿ ಸಣ್ಣ ರಂಧ್ರಗಳಲ್ಲಿ ಗಟ್ಟಿಯಾಗುವುದು. ಕೊಡಗಿನಲ್ಲಿ ಮಳೆಗೆ ಕೊರತೆಯಿಲ್ಲ. ಮೊದಲ ಮಳೆಗಳು ಮಾಡನ್ನು ತೊಳೆದ ಬಳಿಕ ಹಿಡಿದು ಸೋಸಿದ ನೀರೇ ಉತ್ತಮ. ಅದನ್ನು ಬಳಸಿದರೂ ನಡುನಡುವೆ ಪಾತ್ರೆಯನ್ನು ಪೂರ್ತಿಯಾಗಿ ಬರಿದುಮಾಡಿ ತೊಳೆಯಬೇಕು. ಆ ಬರಿದುಮಾಡುವ ಕಾರ್ಯಕ್ಕೆ ಕುಕ್ಕುಟನಾಡಿಯು ಯೋಗ್ಯವಾದ ಸಾಧನ.