ಆನ್‌ಲೈನ್ ಪದವಿಗೆ ಹಣ ಕಟ್ಟುವ ಮುನ್ನ

ಡೊಂಬಿವಲಿಯ ನಮ್ಮ ಕಟ್ಟಡದ ಕೆಳಗಿನ ಮಹಡಿಯಲ್ಲಿ ಕುಂದಾಪುರದ ಕಡೆಯ ಒಂದು ಕುಟುಂಬವಿದೆ. ಕಳೆದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ಗಂಡ ಹೆಂಡತಿ ಇಬ್ಬರೂ ಮಗಳನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ಮಗಳಿಗೆ ಅಂಧೇರಿಯಲ್ಲಿ ಕೆಲಸ. ಲೋಕಲ್ ರೈಲಿನಲ್ಲಿ ಹೋಗಿ ಬರುವುದಕ್ಕೇ ದಿನದ ಮೂರ್ನಾಲ್ಕು ಗಂಟೆ ಕಳೆಯುತ್ತದೆ. ಕಾಲೇಜಿಗೆ ಹೋಗಿ ಕೂತು ಓದುವ ಮಾತಿಲ್ಲ. ಹಾಗಾಗಿ ಆನ್‌ಲೈನ್‌ನಲ್ಲಿ ಎಂಬಿಎ ಮಾಡುವ ಆಸೆ. ಮೊಬೈಲಿನಲ್ಲಿ ಮೂರು ವಿಶ್ವವಿದ್ಯಾಲಯಗಳ ಜಾಹೀರಾತು ತೋರಿಸಿದಳು.

“ಅಂಕಲ್, ಮೂರಕ್ಕೂ ನ್ಯಾಕ್ ಗ್ರೇಡ್ ಇದೆ. ಯುಜಿಸಿ ಅಪ್ರೂವ್ಡ್ ಅಂತಲೂ ಹಾಕಿದ್ದಾರೆ. ಇನ್ನೇನು ನೋಡಬೇಕು ಹೇಳಿ?”

ಅವಳ ತಾಯಿ ನಡುವೆ ಬಾಯಿ ಹಾಕಿದರು. “ಇವಳ ಅಣ್ಣನಿಗೂ ಹೀಗೇ ಹೇಳಿದ್ದರು ಮಾರಾಯ್ರೆ. ಅವನಿಗೆ ಆದದ್ದು ನಿಮಗೆ ಗೊತ್ತುಂಟಲ್ಲ.”

ಗೊತ್ತಿತ್ತು. ಹುಡುಗ ಹಗಲು ಕೆಲಸ ಮಾಡುತ್ತಾ, ಠಾಣೆಯಲ್ಲಿದ್ದ ಒಂದು ‘ಸ್ಟಡಿ ಸೆಂಟರ್’ ಮೂಲಕ ಬೇರೆ ರಾಜ್ಯದ ವಿಶ್ವವಿದ್ಯಾಲಯವೊಂದರ ದೂರಶಿಕ್ಷಣದ ಪದವಿ ಮುಗಿಸಿದ್ದ. ಒಳ್ಳೆಯ ಕಂಪನಿಯ ಸಂದರ್ಶನದಲ್ಲಿ ಪಾಸಾದ, ಆಫರ್ ಲೆಟರ್ ಕೂಡ ಬಂತು. ಪ್ರಮಾಣಪತ್ರಗಳ ಪರಿಶೀಲನೆಯಲ್ಲಿ ಎಲ್ಲವೂ ನಿಂತುಹೋಯಿತು. ವಿಶ್ವವಿದ್ಯಾಲಯ ಸುಳ್ಳಲ್ಲ, ಅಂಕಪಟ್ಟಿಯೂ ಸುಳ್ಳಲ್ಲ. ಆದರೆ ತನ್ನ ರಾಜ್ಯದ ಹೊರಗೆ ಆ ಕೋರ್ಸ್ ನಡೆಸಲು ಅದಕ್ಕೆ ಅನುಮತಿ ಇರಲಿಲ್ಲ. ಮೂರು ವರ್ಷದ ಓದು ಒಂದು ಮಧ್ಯಾಹ್ನದ ಇ-ಮೇಲ್‌ನಲ್ಲಿ ಕರಗಿಹೋಯಿತು.

ಮುಂಬೈ, ಪುಣೆ, ಹೈದರಾಬಾದ್, ಚೆನ್ನೈಗಳಲ್ಲಿ ದುಡಿಯುತ್ತಾ ಓದುವ ನಮ್ಮ ಮಕ್ಕಳು ಇಂದು ಆನ್‌ಲೈನ್ ಪದವಿಗಳತ್ತ ಹೋಗುತ್ತಿರುವುದು ಸಹಜ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ‘ಮಾನ್ಯತೆ ಇದೆ’ ಎಂಬ ಎರಡು ಪದಗಳ ಒಳಗೆ ಏನೇನಿದೆ ಎಂದು ತಿಳಿಯದೆ ಹಣ ಕಟ್ಟುವುದು ಅಪಾಯ.

ಮೂರು ಬೇರೆ ಬೇರೆ ಪ್ರಶ್ನೆಗಳು

ಜಾಹೀರಾತುಗಳಲ್ಲಿ ನ್ಯಾಕ್, ಯುಜಿಸಿ, ಎಐಸಿಟಿಇ ಎಂಬ ಹೆಸರುಗಳು ಒಂದೇ ಸಾಲಿನಲ್ಲಿ ಬರುತ್ತವೆ. ಓದುವವರಿಗೆ ಎಲ್ಲವೂ ಒಂದೇ ಎಂಬ ಭಾವನೆ ಬರುತ್ತದೆ. ವಾಸ್ತವದಲ್ಲಿ ಒಂದೊಂದೂ ಬೇರೆ ಪ್ರಶ್ನೆಗೆ ಉತ್ತರ ಕೊಡುತ್ತದೆ.

ನ್ಯಾಕ್ 1994ರಲ್ಲಿ ಸ್ಥಾಪನೆಯಾದ ಸಂಸ್ಥೆ, ಅದರ ಕೇಂದ್ರ ಕಚೇರಿ ನಮ್ಮ ಬೆಂಗಳೂರಿನ ನಾಗರಭಾವಿಯಲ್ಲೇ ಇದೆ. ಅದು ಇಡೀ ಸಂಸ್ಥೆಯನ್ನು ನೋಡಿ 4ಕ್ಕೆ ಇಷ್ಟು ಎಂದು ಅಂಕ ಕೊಡುತ್ತಾ ಬಂದಿದೆ. 3.01ರಿಂದ 3.25ರವರೆಗೆ ಎ, 3.26ರಿಂದ 3.50ರವರೆಗೆ ಎ ಪ್ಲಸ್, ಅದರ ಮೇಲೆ ಎ ಡಬಲ್ ಪ್ಲಸ್. ಈ ಗ್ರೇಡ್ ಸಂಸ್ಥೆಗೆ ಸಿಕ್ಕಿದ್ದು. ನೀವು ಸೇರಲಿರುವ ಆನ್‌ಲೈನ್ ಕೋರ್ಸಿಗೆ ಅನುಮತಿ ಇದೆ ಎಂದು ಅದರ ಅರ್ಥವಲ್ಲ.

ಎರಡನೆಯದು ಯುಜಿಸಿಯ ದೂರಶಿಕ್ಷಣ ವಿಭಾಗ. ಡೆಬ್ ಎಂದು ಎಲ್ಲರೂ ಕರೆಯುವುದು ಇದನ್ನೇ. ಮುಕ್ತ ಹಾಗೂ ದೂರಶಿಕ್ಷಣ ಮತ್ತು ಆನ್‌ಲೈನ್ ಕೋರ್ಸುಗಳಿಗಾಗಿ 2020ರ ಸೆಪ್ಟೆಂಬರ್‌ನಲ್ಲಿ ಬಂದ ನಿಯಮಾವಳಿಯ ಪ್ರಕಾರ, ಆನ್‌ಲೈನ್ ಪದವಿ ನೀಡಬೇಕಾದರೆ ಸಾಮಾನ್ಯವಾಗಿ ನ್ಯಾಕ್‌ನಲ್ಲಿ ಕನಿಷ್ಠ 3.01 ಅಂಕ ಇರಬೇಕು, ಇಲ್ಲವೇ ರಾಷ್ಟ್ರೀಯ ಶ್ರೇಯಾಂಕದಲ್ಲಿ ಮೊದಲ 100 ವಿಶ್ವವಿದ್ಯಾಲಯಗಳ ಸಾಲಿನಲ್ಲಿ ಬಂದಿರಬೇಕು. ಅಂದರೆ ನ್ಯಾಕ್ ಗ್ರೇಡ್ ಬಾಗಿಲಿನವರೆಗೆ ಕರೆತರುತ್ತದೆ, ಒಳಗೆ ಹೋಗಲು ಯಾವ ಕೋರ್ಸು, ಯಾವ ವಿಧಾನ, ಯಾವ ವರ್ಷ ಎಂಬುದೂ ಲೆಕ್ಕಕ್ಕೆ ಬರುತ್ತದೆ.

ಮೂರನೆಯದು ಎಐಸಿಟಿಇಯಂಥ ವೃತ್ತಿಪರ ಮಂಡಳಿಗಳು. ಮ್ಯಾನೇಜ್‌ಮೆಂಟ್, ಕಂಪ್ಯೂಟರ್ ಅಪ್ಲಿಕೇಶನ್‌ನಂಥ ವಿಷಯಗಳಲ್ಲಿ ಅವುಗಳ ಒಪ್ಪಿಗೆಯ ಪ್ರಶ್ನೆಯೂ ಬರುತ್ತದೆ.

ಈ ಎಲ್ಲ ಹಂತಗಳನ್ನು ದಾಟಿದ ಪದವಿಗೆ ಮಾತ್ರ ಕಾಲೇಜಿಗೆ ಹೋಗಿ ಓದಿದ ಪದವಿಯಷ್ಟೇ ಬೆಲೆ. ಅಂಥ ಆನ್‌ಲೈನ್ ಮತ್ತು ದೂರಶಿಕ್ಷಣದ ಪದವಿಗಳು ಸಾಂಪ್ರದಾಯಿಕ ಪದವಿಗೆ ಸಮಾನ ಎಂದು ಯುಜಿಸಿ 2022ರ ಸೆಪ್ಟೆಂಬರ್‌ನಲ್ಲಿ ಸ್ಪಷ್ಟಪಡಿಸಿದೆ. ಆದ್ದರಿಂದ ‘ಆನ್‌ಲೈನ್ ಪದವಿಗೆ ಬೆಲೆ ಇಲ್ಲ’ ಎನ್ನುವ ಹಿರಿಯರ ಮಾತೂ ಸರಿಯಲ್ಲ, ‘ಎಲ್ಲ ಆನ್‌ಲೈನ್ ಪದವಿಯೂ ನಡೆಯುತ್ತದೆ’ ಎನ್ನುವ ಏಜೆಂಟರ ಮಾತೂ ಸರಿಯಲ್ಲ.

ಮೈಸೂರು ಕಲಿಸಿದ ಪಾಠ

ಕನ್ನಡಿಗರಿಗೆ ಈ ವಿಷಯ ಹೊಸದಲ್ಲ. 1969ರಲ್ಲಿ ಮೈಸೂರು ವಿಶ್ವವಿದ್ಯಾಲಯ ಆರಂಭಿಸಿದ ಅಂಚೆ ಶಿಕ್ಷಣ ಸಂಸ್ಥೆಯೇ ಬೆಳೆದು 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಾಯಿತು. ಕಾಲೇಜಿನ ಮೆಟ್ಟಿಲು ಹತ್ತಲಾಗದ ಎಷ್ಟೋ ಗೃಹಿಣಿಯರು, ಗುಮಾಸ್ತರು, ಪೊಲೀಸರು, ಶಿಕ್ಷಕರು ಅಲ್ಲಿ ಪದವಿ ಪಡೆದರು. ಮುಂದೆ ಅದು ರಾಜ್ಯದ ಗಡಿ ದಾಟಿ, ಖಾಸಗಿಯವರ ಸಹಭಾಗಿತ್ವದಲ್ಲಿ ಬೇರೆ ರಾಜ್ಯಗಳಲ್ಲಿಯೂ ಕೇಂದ್ರಗಳನ್ನು ತೆರೆಯಿತು. ತಾಂತ್ರಿಕ ಕೋರ್ಸುಗಳೂ ಸೇರಿಕೊಂಡವು. ಇದು ನಿಯಮಬಾಹಿರ ಎಂದ ಯುಜಿಸಿ, 2012-13ರ ನಂತರ ವಿಶ್ವವಿದ್ಯಾಲಯಕ್ಕೆ ಮಾನ್ಯತೆ ಇಲ್ಲ ಎಂದು 2015ರ ಜೂನ್‌ನಲ್ಲಿ ಸಾರ್ವಜನಿಕ ಪ್ರಕಟಣೆ ಹೊರಡಿಸಿತು.

ತಾರೀಖುಗಳನ್ನು ಗಮನಿಸಿ. ಪ್ರಕಟಣೆ ಬಂದದ್ದು 2015ರಲ್ಲಿ, ಅನ್ವಯವಾದದ್ದು ಹಿಂದಿನ ವರ್ಷಗಳಿಗೆ. ನಡುವೆ ಶುಲ್ಕ ಕಟ್ಟಿ, ಪುಸ್ತಕ ತರಿಸಿಕೊಂಡು, ಪರೀಕ್ಷೆ ಬರೆದವರು ಅಡಕತ್ತರಿಯಲ್ಲಿ ಸಿಕ್ಕಿಬಿದ್ದರು. ಕರ್ನಾಟಕದೊಳಗೆ ಪ್ರಾಮಾಣಿಕವಾಗಿ ಓದಿದವರಿಗೂ ಹೊರಗಿನ ಕೇಂದ್ರಗಳ ತಪ್ಪಿನ ಬಿಸಿ ತಟ್ಟಿತು. 2018-19ರಲ್ಲಿ ವಿಶ್ವವಿದ್ಯಾಲಯಕ್ಕೆ ಮತ್ತೆ ಮಾನ್ಯತೆ ದೊರೆಯಿತು. ನಂತರ ನ್ಯಾಕ್‌ನಿಂದ ಎ ಪ್ಲಸ್ ಗ್ರೇಡ್ ಕೂಡ ಪಡೆಯಿತು. ಬಿದ್ದು ಎದ್ದ ಸಂಸ್ಥೆಯ ಬಗ್ಗೆ ಸಂತೋಷಪಡೋಣ. ಆದರೆ ಒಂದು ಮಾತು ನೆನಪಿಡೋಣ: ಮಾನ್ಯತೆ ಎಂಬುದು ಸಂಸ್ಥೆಯ ಹೆಸರಿಗೆ ಶಾಶ್ವತವಾಗಿ ಅಂಟಿಕೊಂಡಿರುವುದಿಲ್ಲ. ನೀವು ಸೇರಿದ ವರ್ಷಕ್ಕೆ ಅದು ಇತ್ತೇ ಎಂಬುದೇ ಮುಖ್ಯ.

ತೆರೆಯ ಆಚೆ ಮೇಷ್ಟ್ರು ಇದ್ದಾರೆಯೇ?

ಕಾಗದಪತ್ರದ ಮಾತು ಇಷ್ಟಾಯಿತು. ಆದರೆ ಮಾನ್ಯತೆ ಕೊಡುವವರು ನಿಜಕ್ಕೂ ಏನನ್ನು ಹುಡುಕಬೇಕು? ಈ ಪ್ರಶ್ನೆಯನ್ನು ನಮಗಿಂತ ಹೆಚ್ಚು ಕಾಲ ಎದುರಿಸಿದವರು ಅಮೆರಿಕದವರು, ಅದರಲ್ಲೂ ಅಲ್ಲಿನ ಕಮ್ಯುನಿಟಿ ಕಾಲೇಜುಗಳು.

ಕಮ್ಯುನಿಟಿ ಕಾಲೇಜು ಎಂದರೆ ಊರಿನ ಜನರಿಗಾಗಿ ಇರುವ, ಕಡಿಮೆ ಶುಲ್ಕದ, ಬಹುಮಟ್ಟಿಗೆ ಎರಡು ವರ್ಷದ ಕಾಲೇಜು. ಇಲಿನಾಯ್ ರಾಜ್ಯದ ಜೋಲಿಯೆಟ್‌ನಲ್ಲಿ 1901ರಲ್ಲಿ ಇಂಥ ಕಾಲೇಜು ಶುರುವಾಯಿತು. ಕೆಲಸ ಮಾಡುತ್ತಾ ಓದುವವರು, ಮಕ್ಕಳನ್ನು ಸಾಕುತ್ತಾ ಓದುವ ತಾಯಂದಿರು, ಹೊಸದಾಗಿ ವಲಸೆ ಬಂದವರು ಅಲ್ಲಿನ ವಿದ್ಯಾರ್ಥಿಗಳು. ಇಂಥವರಿಗೆ ಆನ್‌ಲೈನ್ ತರಗತಿ ವರವೇ ಸರಿ. ಎರಡು ವರ್ಷ ಇಲ್ಲಿ ಓದಿ ಮುಂದೆ ವಿಶ್ವವಿದ್ಯಾಲಯಕ್ಕೆ ಹೋಗುವಾಗ ಹಿಂದಿನ ಓದನ್ನು ಅವರು ಒಪ್ಪಬೇಕಾದರೂ, ಸರ್ಕಾರದ ಧನಸಹಾಯ ಸಿಗಬೇಕಾದರೂ ಕಾಲೇಜಿಗೆ ಮಾನ್ಯತೆ ಇರಬೇಕು. ಅಲ್ಲಿ ಮಾನ್ಯತೆ ಕೊಡುವುದು ನೇರವಾಗಿ ಸರ್ಕಾರವಲ್ಲ, ಸರ್ಕಾರದ ಶಿಕ್ಷಣ ಇಲಾಖೆ ಗುರುತಿಸಿದ ಸ್ವತಂತ್ರ ಸಂಸ್ಥೆಗಳು.

ಅಲ್ಲಿಯೂ ಹಿಂದೆ ಅಂಚೆ ಶಿಕ್ಷಣದ ಹೆಸರಿನಲ್ಲಿ ಸರ್ಕಾರದ ಹಣ ನುಂಗಿದವರಿದ್ದರು. ಅದಕ್ಕಾಗಿ ಕಾನೂನು ಒಂದು ಗೆರೆ ಎಳೆಯಿತು: ಶಿಕ್ಷಕ ಮತ್ತು ವಿದ್ಯಾರ್ಥಿಯ ನಡುವೆ ನಿಯಮಿತವಾದ, ಅರ್ಥಪೂರ್ಣವಾದ ಸಂಪರ್ಕ ಇದ್ದರೆ ಅದು ಆನ್‌ಲೈನ್ ಶಿಕ್ಷಣ, ಇಲ್ಲದಿದ್ದರೆ ಅದು ಬರೀ ಅಂಚೆ ಶಿಕ್ಷಣ. ಕಾಲೇಜಿನ ಅರ್ಧಕ್ಕಿಂತ ಹೆಚ್ಚು ಪಾಠ ಎರಡನೆಯ ಗುಂಪಿಗೆ ಬಿದ್ದರೆ ಸರ್ಕಾರಿ ಧನಸಹಾಯಕ್ಕೇ ಕುತ್ತು. ಅರ್ಥಪೂರ್ಣ ಎಂದರೇನು ಎಂಬ ವಿವರಣೆ 2021ರ ಜುಲೈ 1ರಿಂದ ಜಾರಿಗೆ ಬಂತು. ನೇರವಾಗಿ ಪಾಠ ಮಾಡುವುದು, ವಿದ್ಯಾರ್ಥಿಯ ಬರಹ ತಿದ್ದಿ ಅಭಿಪ್ರಾಯ ಹೇಳುವುದು, ಪಾಠದ ಬಗ್ಗೆ ಕೇಳಿದ ಪ್ರಶ್ನೆಗೆ ಉತ್ತರಿಸುವುದು, ಚರ್ಚೆ ನಡೆಸುವುದು ಇಂಥವುಗಳಲ್ಲಿ ಕನಿಷ್ಠ ಎರಡಾದರೂ ನಡೆಯುತ್ತಿರಬೇಕು. ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜುಗಳ ತಪಾಸಣೆಯಲ್ಲಿ ಬೇರೆ ಕಾಲೇಜುಗಳಿಂದ ಬಂದ ತಂಡ ಕೆಲವು ಆನ್‌ಲೈನ್ ತರಗತಿಗಳನ್ನೇ ತೆರೆದು, ಮೇಷ್ಟ್ರು ನಿಜಕ್ಕೂ ಅಲ್ಲಿದ್ದರೇ ಎಂದು ನೋಡುತ್ತದೆ. ವಿಡಿಯೋ ಹಾಕಿ, ಯಂತ್ರವೇ ಅಂಕ ಕೊಡುವ ಪ್ರಶ್ನೆಪತ್ರಿಕೆ ಇಟ್ಟು ಸುಮ್ಮನಿದ್ದರೆ ಸಾಲದು.

ನಮ್ಮ 2020ರ ನಿಯಮಗಳಲ್ಲೂ ಇದೇ ಆಶಯವಿದೆ. ಆನ್‌ಲೈನ್ ಕೋರ್ಸಿನಲ್ಲಿ ನಾಲ್ಕು ಅಂಗಗಳಿರಬೇಕು: ವಿಡಿಯೋ ಪಾಠ, ಓದುವ ಸಾಮಗ್ರಿ, ಚರ್ಚಾ ವೇದಿಕೆ, ಸ್ವಮೌಲ್ಯಮಾಪನ. ಗುಣಮಟ್ಟ ನೋಡಿಕೊಳ್ಳಲು ವಿಶ್ವವಿದ್ಯಾಲಯದೊಳಗೇ ಒಂದು ಕೇಂದ್ರ ಇರಬೇಕು. ಒಟ್ಟು ಅಂಕಗಳಲ್ಲಿ ಆಂತರಿಕ ಅಂಕ 30 ಶೇಕಡಾ ಮೀರಬಾರದು, ಕನಿಷ್ಠ 70 ಶೇಕಡಾ ಅಂತಿಮ ಪರೀಕ್ಷೆಯಿಂದಲೇ ಬರಬೇಕು. ‘ಪರೀಕ್ಷೆಯ ಚಿಂತೆ ಬಿಡಿ, ನಾವು ನೋಡಿಕೊಳ್ಳುತ್ತೇವೆ’ ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ನಾಲ್ಕು ಅಂಗಗಳಲ್ಲಿ ಮೂರನೆಯದು, ಅಂದರೆ ಚರ್ಚೆ, ಬಹಳ ಕಡೆ ಹೆಸರಿಗೆ ಮಾತ್ರ ಇರುತ್ತದೆ. ಅದನ್ನು ಕೇಳಿ ತಿಳಿದುಕೊಳ್ಳುವ ಹಕ್ಕು ವಿದ್ಯಾರ್ಥಿಗಿದೆ.

ಸೇರುವ ಮುನ್ನ ನೋಡಬೇಕಾದ್ದು

ಆ ದಿನ ನಾವು ನಾಲ್ವರೂ ಕೂತು ಮಾಡಿದ್ದನ್ನೇ ಇಲ್ಲಿ ಬರೆಯುತ್ತೇನೆ.

ಮೊದಲು ಯುಜಿಸಿ ಡೆಬ್‌ನ ಜಾಲತಾಣದಲ್ಲಿ ಈ ವರ್ಷದ ಪಟ್ಟಿ ತೆರೆದೆವು. ಆನ್‌ಲೈನ್ ಮತ್ತು ದೂರಶಿಕ್ಷಣದ ಪಟ್ಟಿಗಳು ಬೇರೆ ಬೇರೆ. ಒಂದರಲ್ಲಿ ಹೆಸರಿದ್ದರೆ ಇನ್ನೊಂದರಲ್ಲಿಯೂ ಇದೆ ಎಂದಲ್ಲ. ವಿಶ್ವವಿದ್ಯಾಲಯದ ಹೆಸರು ಮಾತ್ರವಲ್ಲ, ಕೋರ್ಸಿನ ಹೆಸರೂ ಪಟ್ಟಿಯಲ್ಲಿ ಇರಬೇಕು. ಆ ಪುಟವನ್ನು ತಾರೀಖಿನ ಸಮೇತ ಉಳಿಸಿಕೊಳ್ಳಿ. ನಾಲ್ಕು ವರ್ಷದ ನಂತರ ಯಾವುದೋ ಕಂಪನಿ ಕೇಳಿದಾಗ ಬೇಕಾಗುತ್ತದೆ.

ಎರಡನೆಯದಾಗಿ ವಿಷಯ. ಎಂಜಿನಿಯರಿಂಗ್, ವೈದ್ಯಕೀಯ, ನರ್ಸಿಂಗ್, ಫಾರ್ಮಸಿ, ಕಾನೂನು, ಆರ್ಕಿಟೆಕ್ಚರ್, ಹೋಟೆಲ್ ಮ್ಯಾನೇಜ್‌ಮೆಂಟ್ ಪದವಿಗಳನ್ನು ಆನ್‌ಲೈನ್‌ನಲ್ಲಿ ಕೊಡುವಂತೆಯೇ ಇಲ್ಲ. ಹೋಟೆಲ್ ಉದ್ಯಮದಲ್ಲಿರುವ ನಮ್ಮವರು ಇದನ್ನು ವಿಶೇಷವಾಗಿ ಗಮನಿಸಬೇಕು. 2025ರ ಜುಲೈ-ಆಗಸ್ಟ್ ಪ್ರವೇಶದಿಂದ ಮನೋವಿಜ್ಞಾನ, ಆಹಾರ ಮತ್ತು ಪೋಷಣೆಯಂಥ ಆರೋಗ್ಯ ಸಂಬಂಧಿ ಕೋರ್ಸುಗಳನ್ನೂ ನಿಲ್ಲಿಸಲು ಯುಜಿಸಿ ಹೇಳಿದೆ.

ಮೂರನೆಯದಾಗಿ ಡೆಬ್ ಐಡಿ. 2024ರ ಸೆಪ್ಟೆಂಬರ್ ಪ್ರವೇಶದಿಂದ ಪ್ರತಿ ವಿದ್ಯಾರ್ಥಿಯೂ ಇದನ್ನು ಪಡೆಯುವುದು ಕಡ್ಡಾಯ. ಇದನ್ನು ನೀವೇ ಮಾಡಿಕೊಳ್ಳಿ, ಏಜೆಂಟರ ಕೈಗೆ ಒಟಿಪಿ ಕೊಡಬೇಡಿ. ಐಡಿಯ ಮಾತೇ ಎತ್ತದೆ ಹಣ ಕೇಳುವ ಕಡೆ ಅನುಮಾನಪಡಿ.

ನಾಲ್ಕನೆಯದಾಗಿ ಹಣ. ಫ್ರಾಂಚೈಸಿ ಕೊಟ್ಟು ಕೋರ್ಸ್ ನಡೆಸುವುದಕ್ಕೆ ಅವಕಾಶವಿಲ್ಲ. ಶುಲ್ಕ ನೇರವಾಗಿ ವಿಶ್ವವಿದ್ಯಾಲಯದ ಖಾತೆಗೆ ಹೋಗಬೇಕು, ರಸೀದಿ ಅವರ ಹೆಸರಿನಲ್ಲೇ ಬರಬೇಕು. ವಿದೇಶಿ ಸಂಸ್ಥೆಯ ಪದವಿಯನ್ನು ಇಲ್ಲಿನ ಕಂಪನಿಯೊಂದು ಆನ್‌ಲೈನ್‌ನಲ್ಲಿ ಕೊಡುತ್ತದೆ ಎಂದರೆ ಇನ್ನೂ ಎಚ್ಚರ ಬೇಕು. ಅನುಮತಿಯಿಲ್ಲದ ಇಂಥ ಒಪ್ಪಂದಗಳ ಪದವಿ ಮಾನ್ಯವಲ್ಲ ಎಂದು 2023ರ ಡಿಸೆಂಬರ್‌ನಲ್ಲೇ ಯುಜಿಸಿ ಎಚ್ಚರಿಸಿದೆ.

ಕೊನೆಯದು ಫೋನ್ ಮಾಡಿ ಕೇಳುವ ಪ್ರಶ್ನೆ. ಈ ವಿಷಯ ಕಲಿಸುವವರು ಯಾರು? ನೇರ ತರಗತಿ ವಾರದಲ್ಲಿ ಎಷ್ಟು, ಎಷ್ಟು ಗಂಟೆಗೆ? ಪ್ರಶ್ನೆ ಕೇಳಿದರೆ ಎಷ್ಟು ದಿನದಲ್ಲಿ ಉತ್ತರ? ಬರೆದು ಕಳಿಸಿದ್ದನ್ನು ಯಾರು ಓದುತ್ತಾರೆ?

ಮೂರರಲ್ಲಿ ಒಂದು ವಿಶ್ವವಿದ್ಯಾಲಯದ ಹೆಸರು ದೂರಶಿಕ್ಷಣದ ಪಟ್ಟಿಯಲ್ಲಿತ್ತು, ಆನ್‌ಲೈನ್ ಪಟ್ಟಿಯಲ್ಲಿ ಇರಲಿಲ್ಲ. ಅದನ್ನು ಬಿಟ್ಟೆವು. ಎರಡನೆಯ ಕಡೆ ಫೋನ್ ಎತ್ತಿದವನಿಗೆ ಕಂತಿನ ಲೆಕ್ಕ ಬಾಯಿಪಾಠವಾಗಿತ್ತು, ಕಲಿಸುವವರ ಹೆಸರು ಗೊತ್ತಿರಲಿಲ್ಲ. ಮೂರನೆಯ ಕಡೆ ಮರುದಿನ ಸಂಜೆ ಅಲ್ಲಿನ ಅಧ್ಯಾಪಕಿಯೊಬ್ಬರೇ ಫೋನ್ ಮಾಡಿ, ಶನಿವಾರದ ತರಗತಿಯೊಂದಕ್ಕೆ ಸುಮ್ಮನೆ ಬಂದು ಕೂತು ನೋಡುವಂತೆ ಹೇಳಿದರು. ಹುಡುಗಿ ನೋಡಿದಳು, ಸೇರಿದಳು.

ಮುಂಬೈಗೆ ಬಂದ ನಮ್ಮ ಹಿಂದಿನ ತಲೆಮಾರಿನ ಎಷ್ಟೋ ಮಂದಿ ಹಗಲು ಹೋಟೆಲಿನಲ್ಲಿ ದುಡಿದು, ಕನ್ನಡದ ರಾತ್ರಿ ಶಾಲೆಗಳಲ್ಲಿ ಓದಿ ಮೇಲೆ ಬಂದವರು. ಅಲ್ಲಿ ಗೋಡೆ ಸೋರುತ್ತಿದ್ದಿರಬಹುದು, ಬೆಂಚು ಮುರಿದಿದ್ದಿರಬಹುದು, ಆದರೆ ಮೇಷ್ಟ್ರು ಎದುರಿಗಿರುತ್ತಿದ್ದರು. ನಿದ್ದೆ ತೂಗಿದ ಹುಡುಗನನ್ನು ಹೆಸರು ಹಿಡಿದು ಎಬ್ಬಿಸುತ್ತಿದ್ದರು. ಇಂದಿನ ರಾತ್ರಿ ಶಾಲೆ ಮೊಬೈಲಿನೊಳಗೆ ಬಂದಿದೆ. ಅದರಲ್ಲಿ ನಮ್ಮ ಮಕ್ಕಳ ಹೆಸರು ಹಿಡಿದು ಕರೆಯುವವರು ಇದ್ದಾರೆಯೇ ಎಂದು ಹಣ ಕಟ್ಟುವ ಮೊದಲೇ ಕೇಳಿಬಿಡೋಣ. ನಿಮ್ಮ ಊರಿನ ಕನ್ನಡ ಸಂಘದಲ್ಲಿ ತಿಂಗಳಿಗೊಂದು ಭಾನುವಾರ ಯಾರಾದರೂ ಒಬ್ಬರು ಲ್ಯಾಪ್‌ಟಾಪ್ ಹಿಡಿದು ಕೂತು ಈ ಪಟ್ಟಿ ನೋಡಿಕೊಟ್ಟರೂ ಸಾಕು, ಕೆಲವು ಮನೆಗಳ ಮೂರು ವರ್ಷ ಉಳಿಯುತ್ತದೆ.