ಮೈಸೂರಿನ ಬಿರುದುಗಳು

ಮೈಸೂರು ಸಂಸ್ಥಾನದ ಬಿರುದುಗಳೆಲ್ಲವೂ ಬರಿಯ ಆಡಂಬರವೆಂಬ ಮಾತನ್ನು ನಾವು ಒಪ್ಪಲಾರೆವು. ಪ್ರಾಚ್ಯಸಂಶೋಧನೆಯ ಆರ್. ನರಸಿಂಹಾಚಾರ್ಯರಿಗೆ ಬಿರುದುಗಳು ಎರಡು ಕಡೆಯಿಂದಲೂ ಬಂದವು. ಆಂಗ್ಲ ಸರ್ಕಾರದ ‘ರಾವ್ ಬಹದ್ದೂರ್’ ಎಂಬುದನ್ನು ಕೇಳಿದವರಿಗೆ ಅವರು ವಕೀಲರೋ ಇಂಜಿನಿಯರೋ ತಿಳಿಯದು. ಮೈಸೂರಿನ ‘ಪ್ರಾಕ್ತನವಿಮರ್ಶವಿಚಕ್ಷಣ’ವಾದರೋ ಶಾಸನಗಳನ್ನು ಶೋಧಿಸಿ ‘ಕರ್ಣಾಟಕ ಕವಿಚರಿತೆ’ಯನ್ನು ಬರೆದ ಶ್ರಮವನ್ನೇ ಸಾರುತ್ತದೆ, ಉಚ್ಚರಿಸುವ ಕಷ್ಟವು ಬೇರೆ ಮಾತು! ಶಾಕುಂತಲವನ್ನು ಕನ್ನಡಿಸಿದ ಬಸವಪ್ಪಶಾಸ್ತ್ರಿಗಳು ‘ಅಭಿನವ ಕಾಳಿದಾಸ’ರಾದುದೂ, ವೀಣೆ ಶೇಷಣ್ಣನವರು ‘ವೈಣಿಕ ಶಿಖಾಮಣಿ’ಯಾದುದೂ, ವಿದ್ಯಾಶಾಲೆಗಳನ್ನು ಸ್ಥಾಪಿಸಿದ ವರ್ತಕ ಡಿ. ಬನುಮಯ್ಯನವರು ‘ಧರ್ಮಪ್ರಕಾಶ’ರಾದುದೂ ಹೀಗೆಯೇ.

ಅಧಿಕಾರಿಗಳ ಬಿರುದುಗಳಲ್ಲಿ ಈ ಗುಣವು ಅಷ್ಟಾಗಿ ಕಾಣದು. ‘ರಾಜಸೇವಾಸಕ್ತ’, ‘ರಾಜಮಂತ್ರಪ್ರವೀಣ’ ಎಂಬಲ್ಲಿ ಮೊದಲು ರಾಜನು. ಪ್ರಜೆಯ ಸುಳಿವೇ ಇಲ್ಲ. 1938ರಲ್ಲಿ ಬಿ. ಎಂ. ಶ್ರೀಕಂಠಯ್ಯನವರಿಗೂ ‘ರಾಜಸೇವಾಸಕ್ತ’ವೇ ದೊರೆಯಿತು. ಹೊಸಗನ್ನಡ ಕವಿತೆಗೆ ದಾರಿ ತೋರಿದವರು ಸೇವಿಸಿದುದು ರಾಜನನ್ನೋ ನುಡಿಯನ್ನೋ, ವಾಚಕರೇ ಹೇಳಲಿ.

1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನದ 18ನೆಯ ಅನುಚ್ಛೇದವು, ಸೈನ್ಯದ ಮತ್ತು ವಿದ್ಯೆಯ ಗೌರವಗಳ ಹೊರತು, ಸರ್ಕಾರವು ಬಿರುದು ಕೊಡುವುದನ್ನು ನಿಷೇಧಿಸಿತು. ಪದ್ಮಪ್ರಶಸ್ತಿಗಳನ್ನು ಹೆಸರಿನ ಹಿಂದೆಮುಂದೆ ಸೇರಿಸಕೂಡದೆಂದು 1995ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ತಿಳಿಸಿತು. ಆದರೂ ಆಮಂತ್ರಣಪತ್ರಿಕೆಗಳಲ್ಲಿ ಅವು ಹೆಸರಿಗಿಂತ ಮುಂದಾಗಿಯೇ ನಡೆದಿವೆ. ಯಾವ ಕಾರ್ಯಕ್ಕಾಗಿ ಬಂದುವೆಂದು ‘ಪದ್ಮಶ್ರೀ’ ಎಂಬ ಶಬ್ದವು ಹೇಳಲಾರದು, ಕೇಳುವವರೂ ವಿರಳ. ಬನುಮಯ್ಯನವರ ಬಿರುದನ್ನು ಮರೆತವರುಂಟು. ಅವರ ಶಾಲೆಗಳಿಗೆ ಮಾತ್ರ ಮೈಸೂರಿನ ಮಕ್ಕಳು ಇಂದಿಗೂ ಹೋಗುತ್ತಿದ್ದಾರೆ.